ಮೂರು ತಿಂಗಳು ಬಾಕಿ

ಬಾಗಲಕೋಟೆ

ಚಿ. ಶೈಲಾಳಿಗೆ ಕಾಕಾನ ಆಶೀರ್ವಾದ.

ಕ್ವಾರ್ಟರ್ಸಿನ ನೀರಿನ ತಾಪತ್ರಯ, ನಿಮ್ಮ ಅತ್ತೆಯವರ ಮೊಣಕಾಲು, ಎಲ್ಲ ಓದಿದೆ. ಅದರ ಮಾತು ಫೋನಿನಲ್ಲಿ ಆದೀತು. ಆದರೆ ಕೊನೆಗೆ ಸಣ್ಣ ಅಕ್ಷರದಲ್ಲಿ ಗೀಚಿದ್ದೀಯಲ್ಲ, ‘ನಾ ಪೊಲೀಸರಿಗೆ ವರದಿ ಕೊಟ್ರ ಒಂದು ಮನಿ ಮುರದಂಗ ಆಗತೈತಿ ಕಾಕಾ’ ಅಂತ, ಅದು ತಲೆಯಿಂದ ಇಳಿಯುತ್ತಿಲ್ಲ.

ಬಸಿರಿನ ಐದನೇ ತಿಂಗಳ ಕುಬಸಕ್ಕೆ ಮಹಾರಾಷ್ಟ್ರದ ಜತ್ತದ ಕಡೆಯಿಂದ ತವರಿಗೆ ಬಂದ ಹುಡುಗಿ, 18 ತುಂಬಲು ಮೂರು ತಿಂಗಳು ಬಾಕಿ. ತಾಯಿ ಕಾರ್ಡ್ ಮಾಡಿಸುವಾಗ ಅವರವ್ವ ‘ಹತ್ತೊಂಬತ್ತು ಅಂತ ಬರೀರಿ ಡಾಕ್ಟ್ರ’ ಅಂದಳು, ನೀನು ಪೆನ್ನು ಕೆಳಗಿಟ್ಟೆ. ಇಟ್ಟದ್ದು ಒಳ್ಳೆಯದಾಯಿತು.

ಆ ಕಾರ್ಡನ್ನೇ ನೋಡು. ವಯಸ್ಸಿನ ಮುಂದೆ 19 ಬರೆದರೂ ಕೊನೆಯ ಮುಟ್ಟಿನ ತಾರೀಖನ್ನು ಬರೆಯದೆ ಬಿಡಲು ಬರುವುದಿಲ್ಲ. ನಾಳೆ ಯಾರಾದರೂ ಅದರ ಪಕ್ಕಕ್ಕೆ ಶಾಲೆಯ ಜನ್ಮದಿನಾಂಕ ಇಟ್ಟರೆ, ಬಸಿರು ನಿಂತಾಗ ಆಕೆಗೆ ಹದಿನೇಳು ಎಂದು ಬೆರಳೆಣಿಸಿ ಹೇಳಬಹುದು. ‘ಮೂರು ತಿಂಗಳು ತಡೀರಿ, ಹದಿನೆಂಟು ತುಂಬತೈತಿ’ ಅನ್ನುವವರ ಲೆಕ್ಕ ತಪ್ಪುವುದು ಇಲ್ಲೇ. ಕಾನೂನು ನೋಡುವುದು ಅಂದಿನ ವಯಸ್ಸನ್ನು. ಆಧಾರ್ ಕಾರ್ಡ್ ನಂಬಿ ಕೂಡಬೇಡ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ಪತ್ರ ಇಲ್ಲವೆ ಎಸ್ಸೆಸ್ಸೆಲ್ಸಿ ಪತ್ರವನ್ನು. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ. ಯಾವುದೂ ಇಲ್ಲದಾಗ ಮಾತ್ರ ಎಲುಬಿನ ಎಕ್ಸ್‌ರೇ, ಅದರಲ್ಲಿ ಎರಡು ವರ್ಷ ಆಚೀಚೆ ಆಗುತ್ತದೆ. ಹದಿನೇಳೂ ಮುಕ್ಕಾಲರ ಪ್ರಶ್ನೆಗೆ ಅದು ಏನೂ ಹೇಳಲಾರದು. ಆದರೆ ಈ ಶೋಧ ನಿನ್ನ ಕೆಲಸವಲ್ಲ. ನಿನಗೆ ಗೊತ್ತಾದರೆ ಸಾಕು, ರುಜುವಾತು ಮಾಡಬೇಕಿಲ್ಲ.

ಮನೆ ಮುರಿಯುವ ಅಂಜಿಕೆ ಸುಳ್ಳು ಅಂತ ಮಾತ್ರ ನಾನು ಬರೆಯಲಾರೆ. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ, ಬಂದ 2012ರಿಂದ 18ರ ಕೆಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಹುಡುಗಿ ಬಸಿರಾದರೆ ಅದು 5ನೇ ಕಲಮಿನ ತೀವ್ರ ಅಪರಾಧಕ್ಕೆ ಹೋಗುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಶಿಕ್ಷೆಯೇ 20 ವರ್ಷ. ಗಂಡ ಅನ್ನುವ ನಂಟು 2017ರ ಅಕ್ಟೋಬರ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವನನ್ನು ಕಾಪಾಡುವುದಿಲ್ಲ, ಹೊಸ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಮದುವೆ ಜತ್ತದಲ್ಲಿ ಆಯಿತು, ಅಲ್ಲಿಯ ಕಾನೂನೇ ಬೇರೆ ಅಂತ ಅವರವ್ವ ಅಂದಳಂತೆ. ಅದರಲ್ಲಿ ಕಾಲು ಭಾಗ ಖರೆ. ಕರ್ನಾಟಕದ ತಿದ್ದುಪಡಿಯಿಂದ ನಮ್ಮಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ. ಮಹಾರಾಷ್ಟ್ರದಲ್ಲಿ ಹುಡುಗಿ ಕೇಳಿದರೆ, ಅದೂ 20 ತುಂಬುವುದರೊಳಗೆ, ರದ್ದಾಗುತ್ತದೆ. ಆದರೆ ಪೋಕ್ಸೋ ಗಡಿಯ ಆಚೆಗೂ ಈಚೆಗೂ ಒಂದೇ. ಘಟನೆ ಅಲ್ಲಿಯದು ಅಂತ ನಿಮ್ಮ ಠಾಣೆಯವರು ತಿರುಗಿ ಕಳಿಸಿದರೆ ‘ಜೀರೋ ಎಫ್‌ಐಆರ್ ಮಾಡಿ ಆ ಕಡೆ ಕಳಿಸಿರಿ’ ಅನ್ನು.

ಹೊರದೇಶಗಳಲ್ಲಿ ಒಪ್ಪಿಗೆಯ ವಯಸ್ಸು 16 ಇದೆಯಲ್ಲ ಅಂತಲೂ ಕೇಳಿದ್ದೀ. ಇದೆ. ಇಂಗ್ಲೆಂಡಿನಲ್ಲಿ 1885ರಿಂದ 16. ಜಪಾನ್ 13ರಿಂದ 16ಕ್ಕೆ ಏರಿಸಿದ್ದೇ 2023ರಲ್ಲಿ. ಜರ್ಮನಿಯಲ್ಲಿ 14. ಕೆನಡಾದಲ್ಲಿ 16, ಆದರೆ 14-15ರ ಹುಡುಗಿಗೂ ಆಕೆಯ ಜೊತೆಗಾರನಿಗೂ ಐದು ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ವಿನಾಯಿತಿ. ಇಂಥ ವಿನಾಯಿತಿ ನಮ್ಮಲ್ಲಿ ಇಲ್ಲ. 1860ರಲ್ಲಿ ನಮ್ಮ ದಂಡಸಂಹಿತೆ ಇಟ್ಟದ್ದು 10 ವರ್ಷ ಅಂದರೆ ನೀನು ನಂಬಲಿಕ್ಕಿಲ್ಲ. 1891ರಲ್ಲಿ ಅದನ್ನು 12ಕ್ಕೆ ಏರಿಸುವಾಗ ನಮ್ಮ ಜಿಲ್ಲೆಗಳು ಮುಂಬೈ ಪ್ರಾಂತದಲ್ಲಿದ್ದವು, ತಿಲಕರಂಥವರೇ ವಿರೋಧಿಸಿದರು. ಆಮೇಲೆ 14, 16, ಈಗ 18. ನಮ್ಮ ಧಾರವಾಡದ ಹೈಕೋರ್ಟ್ ಪೀಠ 2022ರ ನವೆಂಬರಿನಲ್ಲಿ ಈ 18ನ್ನು ಮತ್ತೊಮ್ಮೆ ವಿಚಾರ ಮಾಡಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ ಮರುವರ್ಷ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, 16ರಿಂದ 18ರ ಪ್ರಕರಣಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆ ನ್ಯಾಯಾಧೀಶರಿಗಿರಲಿ ಅಂದಿತು. ಅಷ್ಟು ಬದಲಾಗಿದ್ದರೂ ನಿನ್ನ ಹುಡುಗಿಗೆ ಅನುಕೂಲವಿತ್ತು.

ಮನೆ ಮುರಿಯುತ್ತದೆ ಅನ್ನುತ್ತೀ. ನನಗೂ ಹಾಗೇ ಅನಿಸಿ ಒಮ್ಮೆ ಒಬ್ಬ ಮಾಸ್ತರರಿಗೆ ‘ಸುಮ್ಮನಿರ್ರಿ’ ಅಂದಿದ್ದೆ. ಅದರ ಕಥೆ ಈಗ ಬೇಡ. ವಕೀಲನ ಬಾಯಿಂದ ಬಂದದ್ದಕ್ಕೆ ಅವರು ಅದನ್ನು ನಂಬಿದರು, ಅಷ್ಟೇ.

ಸುಮ್ಮನಿದ್ದರೆ ನಿನಗೇನು ಅಂತ ಕೇಳಿಲ್ಲ, ಆದರೂ ಬರೆಯುತ್ತೇನೆ. ಪೋಕ್ಸೋದ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ಒಂದು ವರ್ಷದ್ದು ಕೈಕೆಳಗಿನವರ ಅಪರಾಧ ಮುಚ್ಚಿಟ್ಟ ಮುಖ್ಯಸ್ಥರಿಗೆ, ಅದು ನಿನಗೆ ತಾಗುವುದಿಲ್ಲ. 2022ರಲ್ಲಿ ಮಹಾರಾಷ್ಟ್ರದ ಒಬ್ಬ ವೈದ್ಯರ ಮೇಲಿನ ಇಂಥದೇ ಪ್ರಕರಣ ಹೈಕೋರ್ಟಿನಲ್ಲಿ ರದ್ದಾಗಿತ್ತು, ಸುಪ್ರೀಂ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಸದುದ್ದೇಶದಿಂದ ಕೊಟ್ಟ ವರದಿಗೆ ಮಾತ್ರ ಯಾರೂ ನಿನ್ನ ಮೇಲೆ ಕೇಸು ಹಾಕಲಾರರು.

24 ಗಂಟೆ ಅಂತ ನಿಮ್ಮ ಸ್ಟಾಫ್ ನರ್ಸ್ ಹೇಳಿದ್ದು ಪೊಲೀಸರ ಗಡುವು, ಅವರು ಮಕ್ಕಳ ಕಲ್ಯಾಣ ಸಮಿತಿಗೆ, ವಿಶೇಷ ನ್ಯಾಯಾಲಯಕ್ಕೆ ತಿಳಿಸಲು. ನಿನಗೆ ಗಂಟೆಯ ಲೆಕ್ಕ ಕಾಯ್ದೆಯಲ್ಲಿಲ್ಲ, ಹಾಗಂತ ವಾರ ತಳ್ಳಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದರೆ ಮುಗಿಯಿತು ಅನ್ನುವುದೂ ತಪ್ಪು. ಠಾಣೆಗೆ ಇಲ್ಲವೆ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಬರೆದೇ ಕೊಡು, ನಕಲಿನ ಮೇಲೆ ವೇಳೆ ಸಹಿತ ಸ್ವೀಕೃತಿ ಹಾಕಿಸಿಕೋ. ನೀನು ಕಂಡದ್ದು, ಹುಡುಗಿ ಹೇಳಿದ್ದು, ಅಷ್ಟೇ ಇರಲಿ. ‘ಬಲವಂತ’, ‘ಪ್ರೇಮ’ ಎರಡೂ ನಿನ್ನ ಮಾತಲ್ಲ. ಆಕೆ ಒಪ್ಪಿ ಇದ್ದೇನೆ ಅಂದಿದ್ದರೆ ಅದನ್ನು ಆಕೆಯ ಶಬ್ದದಲ್ಲೇ ಬರೆ. ಜಾಮೀನಿನ ಹೊತ್ತಿಗೆ ಅದು ಕೆಲಸಕ್ಕೆ ಬಂದೀತು, ಯಾರಿಗೆ ಗೊತ್ತು.

ಹೆಸರು ಮುಚ್ಚಬಹುದಾ ಅಂತ ಕೇಳುತ್ತೀ ಅನಿಸುತ್ತದೆ. 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪು ಆ ಸವಲತ್ತು ಕೊಟ್ಟದ್ದು ಗರ್ಭಪಾತಕ್ಕೆ ಬಂದವರಿಗೆ. ಹುಡುಗಿ ಮತ್ತು ಪಾಲಕರು ಕೋರಿದರೆ ವೈದ್ಯರು ವರದಿಯಲ್ಲಿ ಗುರುತು ಬಿಡಬಹುದು. ಈಕೆ ಮಗು ಬೇಕು ಅಂತಾಳೆ. ಅದನ್ನು ಇಲ್ಲಿಗೆ ಎಳೆಯಲು ನನಗೆ ಧೈರ್ಯ ಸಾಲದು.

ಆಕೆಗೆ ಮೊದಲೇ ಹೇಳು. ಪೊಲೀಸರಿಂದ ಗೊತ್ತಾಗುವುದು ಬೇಡ. ಹೇಳಿಕೆ ಮನೆಯಲ್ಲೇ ತೆಗೆದುಕೊಳ್ಳಬಹುದು, ಸಾಧ್ಯವಿದ್ದಷ್ಟು ಮಹಿಳಾ ಸಬ್‌ಇನ್‌ಸ್ಪೆಕ್ಟರ್, ಮೈಮೇಲೆ ಯೂನಿಫಾರ್ಮ್ ಇರಬಾರದು, ಆಕೆ ನಂಬಿದವರು ಪಕ್ಕದಲ್ಲಿರಬೇಕು, ರಾತ್ರಿ ಠಾಣೆಯಲ್ಲಿ ಕೂಡಿಸುವಂತಿಲ್ಲ. ‘ಕೋರ್ಟು ಬಿಡತೈತಿ’ ಅಂತ ಅವರವ್ವನಿಗೆ ಮಾತು ಕೊಡಬೇಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಬ್ಬನ ತಪ್ಪು ಎತ್ತಿಹಿಡಿದೂ ಜೈಲಿಗೆ ಕಳಿಸಲಿಲ್ಲ, ಖರೆ. ಅದು ಸಂವಿಧಾನದ 142ನೇ ವಿಧಿ ಸುಪ್ರೀಂ ಕೋರ್ಟಿಗಷ್ಟೇ ಕೊಟ್ಟ ಅಧಿಕಾರ, ಜಿಲ್ಲೆಯ ನ್ಯಾಯಾಧೀಶರಿಗೆ ಅದಿಲ್ಲ. ಹುಡುಗನ ವಯಸ್ಸು ನೀನು ಬರೆದಿಲ್ಲ. ಅವನಿಗೂ 18 ಆಗಿರದಿದ್ದರೆ ದಾರಿಯೇ ಬೇರೆ, ಬಾಲನ್ಯಾಯ ಮಂಡಳಿಗೆ ಹೋಗುತ್ತದೆ.

ಮನೆ ಮುರಿಯದೆ ಉಳಿದೀತಾ? ನನಗೆ ಹೇಳಲು ಬರುವುದಿಲ್ಲ ಶೈಲಾ. ನನ್ನ ಅಂಜಿಕೆ ಬೇರೆ: ವರದಿಯ ಸುದ್ದಿ ಕೇಳಿ ಅವರು ಆಕೆಯನ್ನು ನಿನ್ನ ದವಾಖಾನೆಗೆ ಕಳಿಸುವುದನ್ನೇ ಬಿಟ್ಟು ಮನೆಯಲ್ಲೇ ಹೆರಿಗೆ ಮಾಡಿಸಿದರೆ? ಅದಕ್ಕೇ ವರದಿ ಕೊಡುವ ದಿನವೇ ಮುಂದಿನ ತಪಾಸಣೆಯ ತಾರೀಖು ಬರೆದು ಕೈಗೆ ಕೊಡು, ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸು. ತಾಯಿ ಕಾರ್ಡಿನ ಮೇಲೆ ಪೋಕ್ಸೋ ಅಂತ ಎಲ್ಲೂ ಗೀಚಬೇಡ, ಅದು ಹತ್ತು ಕೈ ತಿರುಗುತ್ತದೆ. ಆಕೆಯ ಹಿಮೋಗ್ಲೋಬಿನ್ ಎಷ್ಟು ಬಂತು? ಅದೊಂದನ್ನು ನೀನು ಬರೆದೇ ಇಲ್ಲ.

ನಿನ್ನ
ಕಾಕಾ