ಮೊನಾಸ್ಟರ್‌ಬಾಯ್ಸ್‌ನ ಹುಲ್ಲು ಕತ್ತರಿಸುವ ಅಜ್ಜನಿಗೆ ಥ್ಯಾಂಕ್ಸ್

ಅಮ್ಮನನ್ನು ಐರ್ಲೆಂಡಿನ ಲೌತ್ ಕೌಂಟಿಯಲ್ಲಿ ಹಳೆಯ ಕ್ರೈಸ್ತ ಮಠದ ಅವಶೇಷಗಳಿರುವ ಮೊನಾಸ್ಟರ್‌ಬಾಯ್ಸ್‌ಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಕರೆದೊಯ್ಯಬೇಕಿದ್ದ ಟ್ಯಾಕ್ಸಿ ಬರಲೇ ಇಲ್ಲ, ಮಳೆ ಬೇರೆ ಶುರುವಾಯಿತು, ಸುತ್ತ ಬರೀ ಸಮಾಧಿಗಳು, ಫೋನಿನಲ್ಲಿ ಚಾರ್ಜ್ ಇಲ್ಲ. ಹುಲ್ಲು ಕತ್ತರಿಸುವ ಮಷೀನ್ ಎತ್ತಿಡುತ್ತಿದ್ದ ಅಜ್ಜ ಒಬ್ಬರು ನಮ್ಮನ್ನು ನೋಡಿ ಬಂದರು. ಮಾತಿಗೆ ಮೊದಲೇ ತಮ್ಮ ರೇನ್‌ಕೋಟ್ ತೆಗೆದು ಅಮ್ಮನಿಗೆ ಹೊದಿಸಿದರು. ಆಮೇಲೆ, ಇಷ್ಟು ದೂರ ಬಂದು ಬೆಕ್ಕು ನೋಡದೆ ಹೋಗ್ತೀರಾ ಅಂತ, 5 ಮೀಟರಿಗೂ ಜಾಸ್ತಿ ಎತ್ತರದ, ಸಾವಿರ ವರ್ಷ ದಾಟಿದ ಮ್ಯೂರಡಾಕ್ ಅನ್ನೋ ಕೆತ್ತನೆಯ ಕಲ್ಲಿನ ಶಿಲುಬೆಯ ಬುಡಕ್ಕೆ ಟಾರ್ಚ್ ಓರೆಯಾಗಿ ಹಿಡಿದರು. ಕಲ್ಲಿನಲ್ಲಿ ಎರಡು ಬೆಕ್ಕು ಎದ್ದು ಕಂಡವು! ಅಮ್ಮನಿಗೆ ಮಳೆಯೇ ಮರೆತುಹೋಯಿತು. ಕಾರಿನ ಸೀಟಿನ ಮೇಲಿದ್ದ ನಾಯಿಕೂದಲು ಒರೆಸಿ, ಹೀಟರನ್ನು ಅಮ್ಮನ ಕಾಲಿನ ಕಡೆ ತಿರುಗಿಸಿ, ಹತ್ತಿರದ ಡ್ರಾಹಡಾ ಊರಿನ ರೈಲ್ವೆ ಸ್ಟೇಷನ್‌ವರೆಗೂ ಬಿಟ್ಟರು. ನಾನಂತೂ ಆಗಲೇ ಉಸಿರು ಬಿಟ್ಟಿದ್ದು. ದುಡ್ಡು ಮುಟ್ಟಲಿಲ್ಲ, ಹೆಸರೂ ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಅಜ್ಜ.