ಹೊಗಳಿದ್ದು ಸಾಕು, ಅವರು ಮಾಡಿದ್ದನ್ನು ಬರೆ

ಪ್ರೀತಿಯ ತಮ್ಮಾ,

ನಿಮ್ಮ ಉಡುಪಿ ಜಿಲ್ಲೆಯ ಶಿರ್ವ ಕಡೆಯ ಹೆಂಗಸರು ಊರು ಕಟ್ಟಿದ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಬರೆಯಲೇಬೇಕಾದ ವಿಷಯ. ಆದರೆ ಮೊದಲ ಪುಟದಲ್ಲೇ ತ್ಯಾಗಮಯಿ, ಮಮತೆಯ ಕಡಲು, ಊರಿನ ತಾಯಿ ಎಲ್ಲ ಬಂದುಬಿಟ್ಟಿದೆ. ತೆಗೆದುಹಾಕು. ತ್ಯಾಗಮಯಿ ಅಂದ ಕೂಡಲೇ ಅವರು ಯಾರ ಮಾತು ಮೀರಿದರು, ದುಡ್ಡು ಎಲ್ಲಿಂದ ತಂದರು ಅಂತ ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ನನಗೆ ಬೇಕಾದ್ದು ಅದೇ.

ಬೀಡಿಗೆ ನೀನು ಕೊಟ್ಟದ್ದು ಒಂದೇ ಸಾಲು, "ಬೀಡಿ ಕಟ್ಟಿ ಸಂಸಾರ ಸಾಗಿಸಿದರು" ಅಂತ. ಅಷ್ಟಕ್ಕೆ ಬಿಡಬೇಡ ಮಾರಾಯ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಡ್ಪೆ (ಮೊರ) ಮಡಿಲಲ್ಲಿಟ್ಟು ಸುರುಟಿ, ನೂಲು ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಸರಿಯಿಲ್ಲ ಅಂತ ಒಂದಷ್ಟನ್ನು ಬದಿಗೆ ಹಾಕುತ್ತಾರೆ, ಉಳಿದದ್ದಕ್ಕೆ ಸಾವಿರಕ್ಕೆ ಇಷ್ಟು ಅಂತ ಮಜೂರಿ. ಬೆನ್ನುನೋವು, ಹೊಗೆಸೊಪ್ಪಿನ ಹುಡಿಯ ಕೆಮ್ಮು ಬೇರೆ. ಆದರೂ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಎಷ್ಟೋ ಹೆಂಗಸರ ಕೈಗೆ ಸ್ವಂತದ್ದು ಅಂತ ದುಡ್ಡು ಬಂದದ್ದು ಇದರಿಂದ. ನಾಲ್ಕೈದು ಮನೆಯವರು ಒಂದೇ ಜಗಲಿಯಲ್ಲಿ ಕೂತು ಕಟ್ಟುವಾಗ ಯಾರ ಗಂಡ ಹೊಡೆಯುತ್ತಾನೆ, ಯಾರ ಮಗು ಶಾಲೆ ಬಿಟ್ಟಿದೆ, ಯಾರಿಗೆ ಆಸ್ಪತ್ರೆಗೆ ಸಾಲ ಬೇಕು ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು, ಅಲ್ಲೇ ಒಂದು ದಾರಿಯೂ ಆಗುತ್ತಿತ್ತು. ಊರು ಕಟ್ಟಿದರು ಅಂತ ತಲೆಬರಹ ಕೊಟ್ಟಿದ್ದೀಯಲ್ಲ, ಅದು ನಡೆದದ್ದು ಹೀಗೆ.

"ಅಳಿಯಸಂತಾನದ ನಾಡು, ಹಾಗಾಗಿ ಹೆಣ್ಣಿಗೇ ಅಧಿಕಾರ" ಅಂತ ಬರೆದಿದ್ದೀಯ. ಅಷ್ಟು ಸಲೀಸಲ್ಲ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದದ್ದು ಹೌದು. ಬ್ರಾಹ್ಮಣರಲ್ಲಿ, ಕ್ರೈಸ್ತರಲ್ಲಿ ಇಲ್ಲ. ಇದ್ದ ಮನೆಗಳಲ್ಲೂ ಕಾರಬಾರು ಹೆಚ್ಚಾಗಿ ಸೋದರಮಾವನದ್ದೇ. 1974ರ ಭೂಸುಧಾರಣೆಯ ಕಾಲಕ್ಕೆ ಗೇಣಿ ಒಕ್ಕಲುಗಳು ಭೂಮಿ ತಮ್ಮ ಹೆಸರಿಗೆ ಬೇಕು ಅಂತ ಡಿಕ್ಲರೇಶನ್ ಹಾಕಿದಾಗ, ನೇಜಿ (ಭತ್ತದ ಸಸಿ) ನೆಟ್ಟವರು ಹೆಂಗಸರಾದರೂ ಎಷ್ಟೋ ಅರ್ಜಿಗಳಲ್ಲಿ ಹೆಸರು ಗಂಡಸರದ್ದು. ಆರ್‌ಟಿಸಿ ಅಂದರೆ ಪಹಣಿ ನೋಡಿ ಊರಿನ ಕಥೆ ಬರೆದರೆ ಇವರು ಸಿಗುವುದಿಲ್ಲ. ಬೀಡಿಯ ಲೆಕ್ಕದ ಪುಸ್ತಕ, ಹಾಲಿನ ಡೇರಿಯ ಪುಸ್ತಕ, ಸ್ವಸಹಾಯ ಸಂಘದ ನಿರ್ಣಯ ಪುಸ್ತಕ ನೋಡು.

ಈಗಿನ ಗ್ರಾಮ ಪಂಚಾಯತಿಗಿಂತ ಮೊದಲಿದ್ದ ಮಂಡಲ ಪಂಚಾಯತ್‌ನ ಸದಸ್ಯೆಯಾಗಿದ್ದ ಒಬ್ಬರು ನಿನ್ನ ಬರಹದಲ್ಲಿ ಸುಮ್ನೆ ಹೀಗೆ ಬಂದು ಹಾಗೆ ಹೋಗುತ್ತಾರೆ. 1987ರ ಆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ 25 ಸೀಟು ಹೆಂಗಸರಿಗಿತ್ತು. ದೇಶಕ್ಕೆಲ್ಲ ಇಂಥದ್ದು ಸಂವಿಧಾನದ ತಿದ್ದುಪಡಿಯಾಗಿ ಜಾರಿಗೆ ಬಂದದ್ದು 1993ರಲ್ಲಿ. ನನ್ನ ಪ್ರಕಾರ ನಿನ್ನ ಬರಹ ನಿಲ್ಲಬೇಕಾದ್ದೇ ಇವರ ಮೇಲೆ. ಮೊದಲ ಸಭೆಯಲ್ಲಿ ಮಾತಾಡಲು ಬಿಟ್ಟರಾ, ಏನು ಮಾಡಿಸಿಕೊಂಡರು, ಯಾವುದರಲ್ಲಿ ಸೋತರು, ಕೇಳು. ಅವರ ಜೊತೆ ಜಗಳವಾಡಿದ ಹೆಂಗಸರನ್ನೂ ಕೇಳು. ಊರಿನ ಹೆಂಗಸರೆಲ್ಲ ಒಂದೇ ಮನಸ್ಸಿನವರು ಅಂದರೆ ಯಾರು ನಂಬುತ್ತಾರೆ? ಯಾವ ಬಾವಿಯ ನೀರು ಯಾರಿಗೆ ಎಂಬ ಜಾತಿಯ ಮಾತು ಬಂದಾಗ ಹೆಂಗಸರು ಎರಡೂ ಕಡೆ ಇರುತ್ತಿದ್ದರು ಅಲ್ವಾ? ಅದನ್ನು ಮುಚ್ಚಿಡಬೇಡ.

ಹೋದಾಗ ತುಳುವಿನಲ್ಲೇ ಮಾತಾಡು. ಮನೆಯ ಗಂಡಸರು ಪಕ್ಕದಲ್ಲಿ ಕೂತು ತಾವೇ ಉತ್ತರ ಕೊಡುತ್ತಾರೆ, ಅದಕ್ಕೆ ಅವರಿಲ್ಲದ ಹೊತ್ತು ನೋಡಿ ಇನ್ನೊಮ್ಮೆ ಹೋಗು. ನಿಮ್ಮ ಕಡೆ ಶಂಕರಪುರ ಮಲ್ಲಿಗೆಯ ಗಿಡ ಇರುವ ಮನೆಗಳು ಜಾಸ್ತಿ. ಬೆಳಿಗ್ಗೆ ಮೊಗ್ಗು ಕೊಯ್ಯುವ ಗಡಿಬಿಡಿಯಲ್ಲಿ ಪ್ರಶ್ನೆ ಕೇಳಬೇಡ. ಬಾಳೆನಾರು ಹಿಡಿದು ಕಟ್ಟಲು ಕೂತಾಗ ನೀನೂ ಕೂತು ಮೊಗ್ಗು ಎಣಿಸಿಕೊಡು. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಅಂದಿನ ರೇಟು ಎಷ್ಟು, ಆ ದುಡ್ಡು ಯಾರ ಕೈಗೆ ಹೋಗುತ್ತದೆ, ಇಲ್ಲಿಂದ ಮಾತು ಶುರುಮಾಡು.

ಬರೆದಾದ ಮೇಲೆ ಅವರಿಗೆ ಓದಿ ಹೇಳು. ತಮ್ಮ ಮನೆಯ ವಿಷಯದಲ್ಲಿ ಬೇಡ ಅಂದದ್ದನ್ನು ತೆಗೆ. ಆಮೇಲೆ ನನಗೆ ಕಳಿಸು, ಮಳೆಗಾಲ ಶುರುವಾಗುವ ಮೊದಲು ಆದರೆ ಒಳ್ಳೆಯದು.

ನಿನ್ನ ಅಕ್ಕ