ಸಾರ್ವಜನಿಕ ವೇಗದ ಚಾರ್ಜರ್‌ಗಳ ನಿರ್ವಹಣೆ ಕುರಿತು ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಆಯುಕ್ತರು, ನಗರಪಾಲಿಕೆ

ವಿಷಯ: ಪಾಲಿಕೆಯ ಜಾಗದಲ್ಲಿರುವ ಎಲೆಕ್ಟ್ರಿಕ್ ಕಾರುಗಳ ವೇಗದ ಚಾರ್ಜರ್‌ಗಳು ಸುಸ್ಥಿತಿಯಲ್ಲಿರುವಂತೆ ಗುತ್ತಿಗೆ ಕರಾರಿನಲ್ಲಿ ಷರತ್ತು ವಿಧಿಸುವ ಬಗ್ಗೆ.

ಮಾನ್ಯರೇ,

ಸಾರ್ವಜನಿಕ ಜಾಗದಲ್ಲಿ ವೇಗದ ಚಾರ್ಜರ್‌ಗಳನ್ನು ಅಳವಡಿಸಲು ಪಾಲಿಕೆ ಅನುಮತಿ ನೀಡುತ್ತಿರುವುದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಮನೆಯಲ್ಲಿ ಸ್ವಂತ ಪಾರ್ಕಿಂಗ್ ಇಲ್ಲದವರಿಗೂ ಬಾಡಿಗೆಗೆ ಕಾರು ಓಡಿಸುವವರಿಗೂ ಇವೇ ಆಧಾರ. ಜಗತ್ತಿನಾದ್ಯಂತ ಸಾರ್ವಜನಿಕ ಚಾರ್ಜಿಂಗ್ ಪಾಯಿಂಟ್‌ಗಳ ಸಂಖ್ಯೆ 2024ರ ಕೊನೆಗೆ 50 ಲಕ್ಷ ದಾಟಿದೆ. ಹೀಗೆ ಸಂಖ್ಯೆ ಏರುತ್ತಿರುವಾಗಲೇ, ಅಳವಡಿಸಿದ ಯಂತ್ರ ಅಗತ್ಯಬಿದ್ದಾಗ ಕರೆಂಟು ಕೊಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇಲ್ಲದಿರುವುದೇ ನಮ್ಮ ಅಹವಾಲು.

ಸ್ಥಳಕ್ಕೆ ಹೋಗಿ ನೋಡಿದರೆ ಕಾಣುವ ದೋಷಗಳಲ್ಲಿ ಬಹಳಷ್ಟು ಸಣ್ಣವೇ. ಯಾರೋ ಒತ್ತಿಹೋದ ಕೆಂಪು ತುರ್ತು ನಿಲುಗಡೆ ಗುಂಡಿಯನ್ನು ತಿರುಗಿಸಿ ಬಿಡಿಸುವವರಿಲ್ಲದೆ ಇಡೀ ಯಂತ್ರ ಸ್ತಬ್ಧವಾಗಿರುತ್ತದೆ. ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಗನ್ನಿನ (ಕೇಬಲ್ ತುದಿಯ ಪ್ಲಗ್ಗಿನ) ಕೊಂಡಿ ಮುರಿದು ಅದು ಭದ್ರವಾಗಿ ಕೂರುವುದಿಲ್ಲ. ಹಣ ಕಡಿತವಾದರೂ ಚಾರ್ಜಿಂಗ್ ಶುರುವಾಗುವುದಿಲ್ಲ. ಇಷ್ಟಾದರೂ ಆ್ಯಪ್‌ನಲ್ಲಿ ಅದೇ ಚಾರ್ಜರ್ ‘ಲಭ್ಯ’ ಎಂದು ತೋರಿಸುವುದುಂಟು, ಏಕೆಂದರೆ ಯಂತ್ರವು ಸರ್ವರ್ ಜೊತೆ ಸಂಪರ್ಕದಲ್ಲಿದ್ದರೆ ಸಾಕು, ಅದು ಸರಿಯಾಗಿದೆ ಎಂದೇ ಲೆಕ್ಕ ಹಿಡಿಯಲಾಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಸಂಶೋಧಕರು ಖುದ್ದಾಗಿ ಹೋಗಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 657 ಗನ್‌ಗಳ ಪೈಕಿ ಕೆಲಸ ಮಾಡುತ್ತಿದ್ದವು ಶೇ 72.5 ಮಾತ್ರ, ನಿರ್ವಾಹಕ ಕಂಪನಿಗಳು ಹೇಳುತ್ತಿದ್ದುದು ಶೇ 95ರಿಂದ 98. ಕಂಪನಿಯ ವರದಿಯೊಂದನ್ನೇ ನಂಬಿ ಕೂರಬಾರದು ಎನ್ನಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಬ್ರಿಟನ್‌ನ 2023ರ ನಿಯಮಾವಳಿಯು 50 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲ್ಪಟ್ಟ ಚಾರ್ಜರ್‌ಗಳ ಜಾಲವು ವರ್ಷದಲ್ಲಿ ಸರಾಸರಿ ಶೇ 99ರಷ್ಟು ಸಮಯ ಕಾರ್ಯನಿರತವಾಗಿರಬೇಕೆಂದೂ ದಿನದ 24 ಗಂಟೆ ಉಚಿತ ಸಹಾಯವಾಣಿ ಇರಬೇಕೆಂದೂ ಕಡ್ಡಾಯಗೊಳಿಸಿದೆ. ಜಾಗ ಪಾಲಿಕೆಯದೇ ಆಗಿರುವುದರಿಂದ ಇಂಥ ಷರತ್ತು ಹಾಕಲು ಹೊಸ ಕಾನೂನಿಗಾಗಿ ಕಾಯಬೇಕಿಲ್ಲ, ಗುತ್ತಿಗೆ ಕರಾರೇ ಸಾಕು. ಬಳಕೆದಾರರು ಗನ್ ಸಿಕ್ಕಿಸಿದಾಗ ಮೊದಲ ಪ್ರಯತ್ನದಲ್ಲೇ ಚಾರ್ಜಿಂಗ್ ಆರಂಭವಾದ ಪ್ರಮಾಣವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಪ್ರತಿ ತಿಂಗಳ ಅಂಕಿಅಂಶವನ್ನು ಪಾಲಿಕೆಯ ಜಾಲತಾಣದಲ್ಲಿ ಪ್ರಕಟಿಸಬೇಕು. ದುರಸ್ತಿಗೆ ಗಡುವು ನಿಗದಿಪಡಿಸಿ, ತಪ್ಪಿದರೆ ದಂಡ ವಿಧಿಸಬೇಕು. ಪಾಲಿಕೆಯ ಎಂಜಿನಿಯರ್‌ಗಳು ಮುನ್ಸೂಚನೆಯಿಲ್ಲದೆ ತಪಾಸಣೆ ನಡೆಸಬೇಕು ಎಂದು ಕೋರುತ್ತೇವೆ.

ಒಂದೇ ಯಂತ್ರದ ಎರಡು ಗನ್‌ಗಳು ಏಕಕಾಲಕ್ಕೆ ಬಳಕೆಯಲ್ಲಿದ್ದಾಗ ಹಲವೆಡೆ ವಿದ್ಯುತ್ ಹಂಚಿಹೋಗಿ, 60 ಕಿಲೋವ್ಯಾಟ್ ಎಂದು ಬರೆದಿದ್ದರೂ ಒಂದೊಂದು ಕಾರಿಗೆ 30 ಮಾತ್ರ ಸಿಗಬಹುದು. ಈ ಮಾಹಿತಿಯನ್ನು ಫಲಕದಲ್ಲಿ ಕಾಣುವಂತೆ ಬರೆಸಬೇಕು. ಹೊಸ ಕೇಂದ್ರಗಳಿಗೆ ಅನುಮತಿ ನೀಡುವ ಮುನ್ನ ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯವನ್ನು ವಿದ್ಯುತ್ ಸರಬರಾಜು ಸಂಸ್ಥೆಯಿಂದ ಲಿಖಿತವಾಗಿ ದೃಢಪಡಿಸಿಕೊಳ್ಳಬೇಕು.

ಗುತ್ತಿಗೆ ನವೀಕರಣಕ್ಕೆ ಮೊದಲೇ ಈ ಅಂಶಗಳನ್ನು ಸಭೆಯ ಕಾರ್ಯಸೂಚಿಗೆ ಸೇರಿಸಿ, ನಿವಾಸಿಗಳ ಪ್ರತಿನಿಧಿಗಳನ್ನು ಚರ್ಚೆಗೆ ಆಹ್ವಾನಿಸಬೇಕೆಂದು ವಿನಂತಿಸುತ್ತೇವೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು